ಮಂಜರಾಬಾದಿನಿಂದ ಮಾರಿಕುಪ್ಪಕ್ಕೆ

ಸಕಲೇಶಪುರದ ಸಮೀಪದಲ್ಲಿರುವ ಒಂದು ಕಾಫಿ ತೋಟದ ಮನೆಗೆ ಕಾರ್ತಿಕ ಮಾಸದಲ್ಲೊಮ್ಮೆ ಶಿವಪೂಜೆಯ ನಿಮಿತ್ತ ಹೋಗಿದ್ದೆನು. ಅದು ಹಿಂದೆ ಆಂಗ್ಲರು ಕಟ್ಟಿಸಿದ ಬಂಗಲೆ. ಈಗಿನ ಯಜಮಾನರ ತಾತನವರು ಅದನ್ನು ತೋಟಸಹಿತವಾಗಿ ಕ್ರಯಕ್ಕೆ ಪಡೆದರಂತೆ. ದೊರೆಗಳು ಕುಳಿತು ಹೊಗೆಬತ್ತಿ ಸೇದುತ್ತಿದ್ದ ಕೊಠಡಿಯೇ ಇಂದು ಪೂಜೆಯ ಮನೆಯಾಗಿದೆ. ಪ್ರಸಾದವಾದ ಮೇಲೆ ಹೊರಗೆ ಮಂಜು ಮುಸುಕಿ ದಾರಿಯೇ ಕಾಣದಾದ್ದರಿಂದ, ಹೊತ್ತು ಕಳೆಯಲೆಂದು ಮೂಲೆಯ ಬೀರುವಿನಲ್ಲಿದ್ದ ಹಳೆಯ ಗ್ರಂಥಗಳನ್ನು ತಿರುವಿಹಾಕತೊಡಗಿದೆ. ಗೆದ್ದಲು ಮುಟ್ಟದೆ ಉಳಿದಿದ್ದ ಒಂದು ದಪ್ಪ ಪುಸ್ತಕ ಕೈಗೆ ಬಂದಿತು. ರಾಬರ್ಟ್ ಎಲಿಯಟ್ ಎಂಬ ತೋಟಗಾರನು 1894ರಲ್ಲಿ ಪ್ರಕಟಿಸಿದ ಗ್ರಂಥವದು. ಅದರ ಹೆಸರನ್ನು ಕನ್ನಡಿಸಿದರೆ ‘ಮೈಸೂರಿನಲ್ಲಿ ಚಿನ್ನ, ಬೇಟೆ ಮತ್ತು ಕಾಫಿ ಬೆಳೆ’ ಎಂದಾಗುತ್ತದೆ.

ಕಾಫಿ ಸರಿ, ಬೇಟೆಯೂ ಸರಿ. ಚಿನ್ನಕ್ಕೂ ನಮ್ಮ ಮಲೆನಾಡಿಗೂ ಏನು ಸಂಬಂಧ? ಆ ಪ್ರಶ್ನೆಯೇ ನನ್ನನ್ನು ಕೆಲವು ತಿಂಗಳ ಅನಂತರ ಕೋಲಾರದ ಚಿನ್ನದ ಗಣಿಗಳ ಊರಿಗೆ ಕರೆದೊಯ್ದಿತು.

ಯಾತ್ರೆಯ ಮಾತಿಗೆ ಮುನ್ನ ನಮ್ಮ ನೆಲದ ಸಂಗತಿಯನ್ನು ಸ್ವಲ್ಪ ನೆನೆಯಬೇಕು. ಸಕಲೇಶಪುರ, ಆಲೂರುಗಳ ಈ ಬೆಟ್ಟಸಾಲು ಹಿಂದೆ ಬಲಂ ಸೀಮೆಯೆನಿಸಿತ್ತು. 1792ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿ, ಸುತ್ತಲೂ ಕವಿದ ಮಂಜನ್ನು ಕಂಡು ಮಂಜರಾಬಾದ್ ಎಂದು ಹೆಸರಿಟ್ಟನೆಂಬುದು ನಮ್ಮ ಮಕ್ಕಳೂ ಬಲ್ಲ ಕಥೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಬಲಂನ ಪಾಳೆಯಗಾರನು ಆಂಗ್ಲರಿಗೆ ಮಣಿಯಲಿಲ್ಲ. ಮುಂದೆ ವೆಲಿಂಗ್ಟನ್ ಪ್ರಭುವೆಂದು ಲೋಕಖ್ಯಾತನಾದ ಆರ್ಥರ್ ವೆಲ್ಲೆಸ್ಲಿಯು 1802ರ ಆರಂಭದಲ್ಲಿ ಸೈನ್ಯದೊಡನೆ ಈ ಕಾಡುಗಳನ್ನು ಹೊಕ್ಕು ಅರಕೆರೆಯ ಬಳಿ ಅವನನ್ನು ಸೋಲಿಸಿದನು. ಅದೇ 1802ರಲ್ಲಿ, ಅದೇ ವೆಲ್ಲೆಸ್ಲಿಯ 33ನೆಯ ರೆಜಿಮೆಂಟಿಗೆ ಸೇರಿದ್ದ ಜಾನ್ ವಾರನ್ ಎಂಬ ಲೆಫ್ಟಿನೆಂಟನು ಮೈಸೂರಿನ ಮೂಡಣ ಗಡಿಯನ್ನು ಅಳೆಯುತ್ತ ಹೋಗಿ, ಕೋಲಾರದ ಕಡೆಯ ಹಳ್ಳಿಗಳಲ್ಲಿ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡನು. ಪಡುವಣ ತುದಿಯಲ್ಲಿ ಕಾಡು, ಮೂಡಣ ತುದಿಯಲ್ಲಿ ಬಂಡೆ. ಒಂದೇ ವರ್ಷದಲ್ಲಿ ಎರಡೂ ಒಂದೇ ದಂಡಿನವರ ಕಣ್ಣಿಗೆ ಬಿದ್ದುವು.

ಮಂಜರಾಬಾದಿನಲ್ಲಿ ಮೊದಲು ತೋಟ ಹಾಕಿದ ಆಂಗ್ಲನು ಗ್ರೀನ್ ಎಂಬುವನು, 1843ರಲ್ಲಿ. ಎಲಿಯಟ್ ಬಂದದ್ದು 1856ರಲ್ಲಿ. ಅವನಿಗಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನಾಲ್ಕು ದಶಕಗಳ ಕಾಲ ಈ ಸೀಮೆಯೊಡನೆ ನಂಟಿಟ್ಟುಕೊಂಡಿದ್ದ ಅವನು ನಮ್ಮವರನ್ನು ಪ್ರೀತಿಯಿಂದಲೇ ಕಂಡಿದ್ದಾನೆ. ಆದರೆ ಅವನ ಪುಸ್ತಕದಲ್ಲಿ ಜಾತಿಯನ್ನು ಕುರಿತು ಒಂದು ಅಧ್ಯಾಯವಿದೆ. ಅದರಲ್ಲಿ ಅವನು ಜಾತಿಪದ್ಧತಿಯ ಪಕ್ಷವನ್ನು ವಹಿಸಿ, ಅದು ಜನರನ್ನು ಹದ್ದಿನಲ್ಲಿಡುವ ಒಳ್ಳೆಯ ಕಟ್ಟು ಎಂದು ವಾದಿಸುತ್ತಾನೆ. ಶರಣರ ವಾಙ್ಮಯವನ್ನು ಮಠದ ಪಾಠಶಾಲೆಯಲ್ಲಿ ಬಾಲ್ಯದಿಂದ ಓದಿದ ನನಗೆ ಆ ಪುಟಗಳಲ್ಲಿ ತಲೆದೂಗಲು ಸಾಧ್ಯವಾಗಲಿಲ್ಲ. ಕೂಲಿಗೆ ಜನ ಬೇಕಾದವನಿಗೆ ಕಟ್ಟುಪಾಡು ಹಿತವಾಗಿ ಕಾಣುವುದು ಸಹಜವೆಂದುಕೊಂಡು ಪುಟ ಮಗುಚಿದೆನು. ಮುಂದೆ ಬಂದದ್ದು ಕೋಲಾರದ ಗಣಿಗಳ ವೃತ್ತಾಂತ.

ಕೋಲಾರದ ಭಕ್ತರೊಬ್ಬರು ಪ್ರವಚನಕ್ಕೆ ಕರೆದದ್ದೇ ನೆಪವಾಯಿತು. ಸಕಲೇಶಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಪ್ರವಚನ ಮುಗಿಸಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪದ ಗಾಡಿಯನ್ನು ಹಿಡಿದೆನು. ಹತ್ತು ಮೈಲಿಯ ಈ ಕವಲು ಹಾದಿಯನ್ನು ಗಣಿಗಳಿಗಾಗಿಯೇ 1894ರಲ್ಲಿ ತೆರೆದರು. ಎಲಿಯಟ್‌ನ ಗ್ರಂಥ ಅಚ್ಚಾದ ವರ್ಷವೂ ಅದೇ. ಕೋರಮಂಡಲ, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳ ಹೆಸರು ಬರುತ್ತಿದ್ದಂತೆ ನಾನು ಯಾವ ದೇಶದಲ್ಲಿದ್ದೇನೆಂಬುದೇ ಕ್ಷಣಕಾಲ ತಿಳಿಯದಾಯಿತು. ಎದುರಿನಿಂದ ಬಂದ ಗಾಡಿಯ ತುಂಬ ಯುವಕರು. ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುವವರು ಈ ಊರಿನಲ್ಲಿ ಸಾವಿರಾರು ಮಂದಿ. ನೆಲದೊಳಕ್ಕೆ ಇಳಿಯುತ್ತಿದ್ದವರ ಮೊಮ್ಮಕ್ಕಳು ಈಗ ನೆಲದ ಮೇಲೆ ಅದಕ್ಕಿಂತ ಬಹು ಹೆಚ್ಚು ದೂರವನ್ನು ದಿನವೂ ಕ್ರಮಿಸುತ್ತಾರೆ.

ಈ ನೆಲದಲ್ಲಿ ಚಿನ್ನ ತೆಗೆದ ಮೊದಲಿಗರು ಆಂಗ್ಲರಲ್ಲ. ಚಾಂಪಿಯನ್ ರೀಫಿನ ಹಳೆಯ ಕುಳಿಗಳಲ್ಲಿ ದೊರೆತ ಮರದ ತುಂಡುಗಳನ್ನು ವಿಜ್ಞಾನಿಗಳು ಪರೀಕ್ಷಿಸಿ, ಅವು ಸುಮಾರು ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯವೆಂದು ಕಂಡುಕೊಂಡಿದ್ದಾರೆ. ಅಂದರೆ ಗಂಗರು ಕುವಲಾಲಪುರದಲ್ಲಿದ್ದ ಕಾಲ. ವಾರನ್ ಬಂದಾಗಲೂ ಮಾರಿಕುಪ್ಪದ ಜನರು ಕುಳಿಗಿಳಿದು, ಕಲ್ಲು ತುಂಬಿದ ಕುಕ್ಕೆಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳುಹಿಸುತ್ತಿದ್ದರು. ಹೆಂಗಸರು ಅವನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಲವೆಲ್ ಎಂಬ ಐರಿಷ್ ಸಿಪಾಯಿಯು ವಾರನ್‌ನ ವರದಿಯನ್ನೋದಿ, 1875ರಲ್ಲಿ ಮೈಸೂರು ಸರ್ಕಾರದಿಂದ ಗುತ್ತಿಗೆ ಪಡೆದು ಉರಿಗಾಮಿನ ಬಳಿ ಅಗೆಯಿಸಿದನು. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. ಅವನ ಕೈಯಲ್ಲಿದ್ದ ಹಣ ಸಾಲಲಿಲ್ಲ. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ ಪ್ರವೇಶಿಸಿತು. ಅವರ ಮೂಲಧನವೂ ಕರಗಿ, ಪಾಲುದಾರರು ಬಾಗಿಲು ಹಾಕಬೇಕೆಂದು ಹಟ ಹಿಡಿದಿದ್ದಾಗ, ಪ್ಲಮ್ಮರ್ ಎಂಬ ಗಣಿನಿಪುಣನು ಹಳೆಯವರು ಅಗೆದು ಬಿಟ್ಟ ಕುಳಿಗಳ ಕೆಳಗೇ ಇನ್ನೂ ಅಗೆದು ನಿಜವಾದ ಚಿನ್ನದ ಎಳೆಯನ್ನು ಕಂಡನು. ಹೆಸರಿಲ್ಲದ ಆ ಪೂರ್ವಿಕರು ಹಾದಿ ತೋರಿಸಿದ್ದರು. ಲಾಭ ಲಂಡನ್ನಿಗೆ ಹೋಯಿತು, ರಾಜಸ್ವ ಮೈಸೂರಿಗೆ ಬಂದಿತು.

ಟೇಲರ್ ಕಂಪನಿಯು ಗಣಿಯೊಳಗಿನ ಮೇಲ್ವಿಚಾರಣೆಗೆ ಕರೆಸಿದ್ದು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಸೀಮೆಯವರನ್ನು. ಅಲ್ಲಿ ತವರ, ತಾಮ್ರಗಳ ಗಣಿ ಹಳ್ಳಿಗಳು ಶತಮಾನಗಳಿಂದ ಇದ್ದುವು. 1860ರ ದಶಕದಲ್ಲಿ ತಾಮ್ರದ ಬೆಲೆ ಬಿದ್ದು ಆ ಹಳ್ಳಿಗಳು ಬರಿದಾದುವು. ತಂದೆ ಮಕ್ಕಳೆನ್ನದೆ ಹಡಗು ಹತ್ತಿ ಭೂಮಂಡಲದ ಕುಳಿಗಳನ್ನೆಲ್ಲ ಹುಡುಕಿಕೊಂಡು ಹೋದರು. ಅವರ ಆಚಾರಗಳನ್ನು ಓದಿದರೆ ನಮ್ಮ ಹಳ್ಳಿಗಳದೇ ಎನ್ನಿಸುತ್ತದೆ. ಗಣಿಯ ಬಂಡೆಯೊಳಗೆ ಸಣ್ಣ ಭೂತಗಳಿದ್ದು ಅವು ಟಕಟಕನೆ ಕುಟ್ಟಿ ಸದ್ದುಮಾಡುತ್ತವೆಂದು ಅವರು ನಂಬಿದ್ದರು. ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಯ ತುದಿಯೊಂದನ್ನು ಮುರಿದು ಆ ಭೂತಗಳಿಗೆಂದು ಬಿಟ್ಟು ಬರುತ್ತಿದ್ದರು. ಗಣಿಯೊಳಗೆ ಸಿಳ್ಳೆ ಹಾಕುವುದು ಅಪಶಕುನ. ಬುತ್ತಿಯೂ ವಿಶೇಷವೇ: ಹಿಟ್ಟಿನ ಕಣಕದೊಳಗೆ ಮಾಂಸ, ಗೆಡ್ಡೆ ಹೂರಣಿಸಿ ಅಂಚು ಮಡಿಸಿ ಬೇಯಿಸಿದ, ನಮ್ಮ ಕಡುಬಿನ ಆಕಾರದ ತಿನಿಸು. (ಮಾಂಸದ ಮಾತು ಬಂದುದಕ್ಕೆ ತಾಯಂದಿರು ಕ್ಷಮಿಸಬೇಕು.)

ಆ ಸೀಮೆಯಲ್ಲಿ ನನ್ನ ಮನಸ್ಸನ್ನು ಸೆಳೆದ ಸ್ಥಳ ಗ್ವೆನ್ನಾಪ್ ಎಂಬ ಒಂದು ಗುಂಡಿ. ಗಣಿ ಕುಸಿದು ಉಂಟಾದದ್ದೆನ್ನುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಎಂಬ ಕ್ರೈಸ್ತ ಉಪದೇಶಕನು ಗುಡಿಗೋಪುರಗಳನ್ನು ಬಿಟ್ಟು ಬಯಲಿನಲ್ಲಿ, ಆ ಗುಂಡಿಯಲ್ಲಿ ನಿಂತು ಗಣಿಯ ಕೂಲಿಗಳಿಗೆ ಧರ್ಮ ಹೇಳುತ್ತಿದ್ದನು. ಅವನ ಅನುಯಾಯಿಗಳಲ್ಲಿ ದಿನವೆಲ್ಲ ಬಂಡೆ ಒಡೆದು ಭಾನುವಾರ ತಾವೇ ಉಪದೇಶಕ್ಕೆ ನಿಲ್ಲುವವರಿದ್ದರು. ದುಡಿಯುವವನೇ ಅನುಭಾವದ ಮಾತನ್ನಾಡಬಲ್ಲನೆಂಬುದು ಕಲ್ಯಾಣದ ಅನುಭವ ಮಂಟಪವನ್ನು ಬಲ್ಲ ನಮಗೆ ಹೊಸದಲ್ಲ. ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮನವರು ಅದಕ್ಕೆ ಆರು ಶತಮಾನ ಮೊದಲಿನವರು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯಲ್ಲಿ ಹೆರಿಗೆಯಾದ ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ, ಅದನ್ನು ಕಟ್ಟಿದ ಮಿಷನ್ನಿನ ಹೆಸರಿನಲ್ಲಿರುವ ವೆಸ್ಲಿ ಈ ಗುಂಡಿಯ ವೆಸ್ಲಿಯೇ ಎಂದು ತಿಳಿದಿರಲಾರದು.

ಆದರೆ ಅಂಥ ಹಳ್ಳಿಯಿಂದ ಬಂದ ಕೂಲಿಯ ಮಗನು ಕೋಲಾರದಲ್ಲಿ ದೊರೆಯಾದನು. ದಿಬ್ಬದ ಮೇಲೆ ಹಂಚಿನ ಬಂಗಲೆ, ಕ್ಲಬ್ಬು, ಗಾಲ್ಫ್ ಆಡುವ ಬಯಲು, ಇಗರ್ಜಿ. ಚಿಕ್ಕ ಇಂಗ್ಲೆಂಡು ಎಂಬ ಅಡ್ಡಹೆಸರು ಆಗ ಬಂದದ್ದು. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಮೇಸ್ತ್ರಿಗಳು ಕರೆತಂದ ಜನರಿಗೆ ತಗ್ಗಿನಲ್ಲಿ ತಡಿಕೆಯ ಸಾಲುಗುಡಿಸಲು. ಅದೇ ಲೈನು. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿ ಎಳೆದು ಗಣಿಗಳಿಗೆ ವಿದ್ಯುತ್ತನ್ನು ತಂದರು. ಬೆಂಗಳೂರು ಬೆಳಗಿದ್ದು ಅದಾದ ಮೂರು ವರ್ಷಕ್ಕೆ. ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ ಆರಂಭವಾದ ಈ ಸಾಹಸವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆ ಬೆಳಕು ಯಂತ್ರಕ್ಕೂ ಬಂಗಲೆಗೂ ಬಂದಿತು. ಲೈನಿನಲ್ಲಿ ಸೀಮೆಎಣ್ಣೆಯ ಬುಡ್ಡಿ ಬಹುಕಾಲ ಆರಲಿಲ್ಲವೆಂದು ಅಲ್ಲಿಯ ವೃದ್ಧರು ಹೇಳಿದರು.

ನನ್ನನ್ನು ಊರು ಸುತ್ತಿಸಿದವರು ಮೂವತ್ತು ವರ್ಷ ಗಣಿಯೊಳಗೆ ದುಡಿದು ನಿವೃತ್ತರಾದ ಒಬ್ಬ ಹಿರಿಯರು. ತಮಿಳು ಬೆರೆತ ಕನ್ನಡ, ಮಾತಿನ ನಡುನಡುವೆ ಕೆಮ್ಮು. ಬಂಡೆಯ ಧೂಳು ಶ್ವಾಸಕೋಶದಲ್ಲಿ ನಿಂತು ಬರುವ ರೋಗ ಅಲ್ಲಿ ಮನೆಮನೆಯ ಮಾತು. ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಆ ಆಳದಲ್ಲಿ ಬಂಡೆಯ ಶಾಖ ಅರವತ್ತು ಡಿಗ್ರಿ ದಾಟುತ್ತಿದ್ದುದರಿಂದ ಯಂತ್ರಗಳಿಂದ ಗಾಳಿಯನ್ನು ತಂಪುಮಾಡಿ ಕಳುಹಿಸಬೇಕಾಗಿತ್ತು. ಮೇಲಿನ ಭೂಭಾರಕ್ಕೆ ಬಂಡೆ ಹಠಾತ್ತನೆ ಸಿಡಿಯುವುದೇ ಅಲ್ಲಿಯ ಪರಮಭಯ. ಸಿಡಿದಾಗ ಮೇಲಿನ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದುವಂತೆ.

“ಪಾಳಿಗೆ ಸಂಗು ಊದೋರು ಸ್ವಾಮಿ. ಊರೆಲ್ಲ ಅದರ ಲೆಕ್ಕದಲ್ಲೇ ಅನ್ನ ಮಾಡ್ತಿತ್ತು, ಮಲಗ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಊದಿದರೆ ಮಾತ್ರ ಹೆಂಗಸರು ಒಲೆ ಮೇಲಿನ ಅನ್ನ ಬಿಟ್ಟು ಓಡೋರು,” ಎಂದರು. ಕಾರ್ಖಾನೆಯ ಕೂಗನ್ನು ಅವರು ಸಂಗು, ಅಂದರೆ ಶಂಖ, ಎನ್ನುತ್ತಾರೆ.

“ಕೇಜ್‌ನಲ್ಲಿ ಇಳಿಯುವಾಗ ಏನು ನೆನೆಯುತ್ತಿದ್ದಿರಿ?” ಎಂದು ಕೇಳಿದೆ.

“ಪಕ್ಕದಲ್ಲಿ ನಿಂತವನ್ನ ನೋಡ್ತಿದ್ದೆ ಸ್ವಾಮಿ. ಕೆಳಗೆ ಹೋದಮೇಲೆ ಅವನು ಯಾವ ಜನ ಅಂತ ಕೇಳೋಕಾಗಲ್ಲ. ದೀಪ ಆರಿದರೆ ಅವನ ಕೈಯೇ ಹಿಡೀಬೇಕು.”

ಅಲ್ಲಿಯ ಕಾರ್ಮಿಕರಲ್ಲಿ ಬಹುಪಾಲು ಮಂದಿ ಊರಹೊರಗಿನವರೆನಿಸಿಕೊಂಡು ಬಂದವರು. ಅವರು ಆ ಹೆಸರನ್ನು ಗಣಿಯ ಬಾಯಲ್ಲೇ ಕಳಚಿಡಲು ಯತ್ನಿಸಿದರು. ಮದರಾಸಿನಲ್ಲಿ 1898ರಲ್ಲಿ ಅಯೋತಿದಾಸ ಪಂಡಿತರು ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮಾರಿಕುಪ್ಪ, ಚಾಂಪಿಯನ್ ರೀಫುಗಳಲ್ಲಿ ಬೇರುಬಿಟ್ಟುವು. ಪಾಳಿ ಮುಗಿಸಿ ಬಂದವರು ಬುದ್ಧಧರ್ಮದ ಉಪನ್ಯಾಸ ಕೇಳಿದರು, ಪತ್ರಿಕೆ ಓದಿದರು, ಮಕ್ಕಳಿಗೆ ಅಕ್ಷರ ಕಲಿಸಿದರು. ಕೈಬೆರಳಿನ ಗುರುತು ಕೊಡಬೇಕೆಂಬ ಕಂಪನಿಯ ನಿಯಮವನ್ನು ವಿರೋಧಿಸಿ 1930ರಲ್ಲಿ ಸಾವಿರಾರು ಜನರು ಕೆಲಸ ನಿಲ್ಲಿಸಿದರು. ಕಳ್ಳರಿಂದ ತೆಗೆದುಕೊಳ್ಳುವ ಗುರುತನ್ನು ದುಡಿಯುವವರಿಂದ ಏಕೆ ಕೇಳುತ್ತೀರಿ ಎಂಬುದು ಅವರ ವಾದ. ಕೂಲಿಯ ಹೆಚ್ಚಳವನ್ನಲ್ಲ, ಮರ್ಯಾದೆಯನ್ನು ಮುಂದಿಟ್ಟು ನಡೆದ ಈ ಮುಷ್ಕರದ ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ಏಕಿಲ್ಲವೋ ನಾನರಿಯೆ.

ಉತ್ಸವಗಳೆಲ್ಲ ಅಲ್ಲಿ ಬೆರೆತೇ ಇವೆ. ಮಾರಿಯಮ್ಮನ ಕರಗ, ಮಾತೆ ಮೇರಿಯ ತೇರು, ಬುದ್ಧಪೂರ್ಣಿಮೆ. ಸನಿಹದ ಕಮ್ಮಸಂದ್ರದಲ್ಲಿ 108 ಅಡಿ ಎತ್ತರದ ಶಿವಲಿಂಗವನ್ನು ನಿಲ್ಲಿಸಿ ಸುತ್ತಲೂ ಲೆಕ್ಕವಿಲ್ಲದಷ್ಟು ಲಿಂಗಗಳನ್ನು ಸ್ಥಾಪಿಸಿದ್ದಾರೆ. ಅಂಗೈಯಲ್ಲಿ ಹಿಡಿಸುವ ಲಿಂಗವನ್ನು ಧರಿಸಿದ ನನ್ನಂಥವನು ಅಲ್ಲಿ ಕತ್ತೆತ್ತಿ ನೋಡುವುದನ್ನು ಕಂಡು ಜೊತೆಯ ಹಿರಿಯರು ನಕ್ಕರು, ನಾನೂ ನಕ್ಕೆ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರದ ವಶವಾದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಅಗೆದಷ್ಟೂ ಚಿನ್ನ ತೆಳುವಾಯಿತು. ಮೊದಲ ದಿನಗಳಲ್ಲಿ ಒಂದು ಟನ್ನು ಅದಿರಿಗೆ ನಲವತ್ತು ಗ್ರಾಮಿನವರೆಗೆ ದೊರೆತದ್ದು ಕೊನೆಗೆ ಕೆಲವೇ ಗ್ರಾಮಿಗಿಳಿಯಿತು. ಒಟ್ಟು ಸುಮಾರು 800 ಟನ್ನು ಚಿನ್ನವನ್ನು ಕೊಟ್ಟ ಆ ನೆಲದ ಗಣಿಗಳು 2001ರ ಫೆಬ್ರವರಿ ಕೊನೆಗೆ ಮುಚ್ಚಿದುವು. ಕಾರ್ನ್‌ವಾಲಿನ ಕಟ್ಟಕಡೆಯ ತವರದ ಗಣಿ ಮುಚ್ಚಿದ್ದು ಅದಕ್ಕೆ ಮೂರು ವರ್ಷ ಮೊದಲು, 1998ರಲ್ಲಿ. ಅಲ್ಲಿಯ ಪಾಳುಬಿದ್ದ ಯಂತ್ರಗೃಹಗಳನ್ನೂ ಹಳ್ಳಿಗಳನ್ನೂ 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ನಾನು ಕಂಡದ್ದು ತುಕ್ಕು ಹಿಡಿದ ಗಣಿಯ ಗೋಪುರಗಳು, ಅವುಗಳ ಹಿಂದೆ ಅದಿರಿನ ಪುಡಿಯ ಬೂದುಬಣ್ಣದ ಬೆಟ್ಟಗಳು. ಸೈನೈಡ್ ದಿಬ್ಬಗಳೆಂದೇ ಅವುಗಳ ಹೆಸರು. ಗಾಳಿ ಬೀಸಿದರೆ ಆ ಧೂಳು ಲೈನಿನ ಮನೆಗಳ ಅನ್ನದ ತಟ್ಟೆಗೆ ಬೀಳುತ್ತದೆ. ಆ ದಿಬ್ಬಗಳಲ್ಲುಳಿದ ಚಿನ್ನವನ್ನು ಮತ್ತೆ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ಹಿರಿಯರಿಗೆ ಅದರಲ್ಲಿ ಆಸಕ್ತಿ ಕಾಣಲಿಲ್ಲ. ತಾವಿರುವ ಹತ್ತಡಿಯ ಮನೆ ತಮ್ಮ ಹೆಸರಿಗೆ ಬರೆದುಕೊಟ್ಟ ಕಾಗದವೊಂದು ಕೈಗೆ ಬರಬೇಕು, ಅಷ್ಟೇ. “ನಮ್ಮಪ್ಪ ಇದೇ ಮನೇಲಿ ಹುಟ್ಟಿದ್ದು ಸ್ವಾಮಿ. ಆದರೂ ನಾವು ಇಲ್ಲಿ ಇರೋರು ಮಾತ್ರ,” ಎಂದರು.

ಆ ಮಾತು ಹಿಂದಿರುಗುವ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಏಕೆಂದರೆ ಲೈನು ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಕೋಲಾರದಲ್ಲಲ್ಲ, ನಮ್ಮ ಆಲೂರು ಸಕಲೇಶಪುರಗಳಲ್ಲಿ. ಗ್ರೀನ್, ಎಲಿಯಟ್ಟರು ಹಾಕಿದ ಪದ್ಧತಿಯೇ ಅದು: ದಿಬ್ಬದ ಮೇಲೆ ಬಂಗಲೆ, ತಗ್ಗಿನಲ್ಲಿ ಸಾಲುಮನೆ, ನಡುವೆ ಮೇಸ್ತ್ರಿ, ರೈಟರು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಮುಂಗಡ ಕೊಟ್ಟು ಕರೆತಂದ ಜನ. ದೊರೆಗಳು ಹೋದರು, ತೋಟಗಳು ನಮ್ಮವರ ಕೈಗೆ ಬಂದುವು. ಬಂಗಲೆಯಲ್ಲಿ ನಾವು ಇಷ್ಟಲಿಂಗ ಪೂಜೆಯನ್ನು ನಡೆಸಿದೆವು, ಬಸವ ಜಯಂತಿಗೆ ದಾಸೋಹವನ್ನಿಟ್ಟೆವು. ಲೈನು ಮಾತ್ರ ಇದ್ದ ತಗ್ಗಿನಲ್ಲಿಯೇ ಉಳಿಯಿತು. 1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆಯು ವಸತಿ, ನೀರು, ವೈದ್ಯೋಪಚಾರಗಳನ್ನು ಒದಗಿಸಬೇಕೆಂದು ವಿಧಿಸಿದ ಮೇಲೆ ಹಂಚು ಬಂದಿತು, ಸಿಮೆಂಟು ಬಂದಿತು. ಕೆಲವು ತೋಟಗಳಲ್ಲಿ ಒಳ್ಳೆಯ ಮನೆಗಳೇ ಇವೆ. ಅವನ್ನು ಕಟ್ಟಿಸಿದ ಭಕ್ತರನ್ನು ನಾನು ಬಲ್ಲೆ, ಅವರಿಗೆ ಶರಣು. ಆದರೆ ಮರಗಸಿಗೆ ಸಿಲ್ವರ್ ಓಕಿನ ತುದಿಯೇರುವವನಿಗೂ, ಆನೆ ಎಲ್ಲಿದೆಯೆಂದು ವಿಚಾರಿಸಿಕೊಂಡು ಮಂಜಿನಲ್ಲಿ ಹಣ್ಣು ಕೊಯ್ಯಲು ಹೊರಡುವ ತಾಯಂದಿರಿಗೂ ಕೆಲಸ ಬಿಟ್ಟ ದಿನ ತಲೆಯ ಮೇಲಿನ ಸೂರು ಯಾರದೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೇವೆ? ಸಂಗು ಊದದಿದ್ದರೂ ಅವರ ಮನೆಯವರು ಸಂಜೆಯವರೆಗೆ ಕಿವಿ ನಿಮಿರಿಸಿಕೊಂಡೇ ಇರುತ್ತಾರೆ.

ಪುಸ್ತಕವನ್ನು ಹಿಂದಿರುಗಿಸಲು ಮತ್ತೆ ಆ ತೋಟಕ್ಕೆ ಹೋದೆನು. ಯಜಮಾನರಿಗೆ ಕಂಡದ್ದನ್ನು ಹೇಳಿದೆ, ಲೈನಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ತುಸು ಹೊತ್ತು ಸುಮ್ಮನಿದ್ದರು. ಬೆಲೆ ಬಿದ್ದ ವರ್ಷಗಳಲ್ಲಿ ತಾವೂ ಸಾಲದಲ್ಲಿದ್ದುದನ್ನು ನೆನೆದರು, ಅದೂ ಸುಳ್ಳಲ್ಲ. ಆಮೇಲೆ, “ಬನ್ನಿ ಅಯ್ನೋರೆ, ಕತ್ತಲಾಗೋ ಮುಂಚೆ ಒಂದು ಸುತ್ತು ಹೋಗಿ ಬರೋಣ,” ಎಂದು ಮೆಟ್ಟು ಮೆಟ್ಟಿಕೊಂಡರು. ಇಬ್ಬರೂ ತಗ್ಗಿಗಿಳಿದೆವು. ಸಾಲಿನ ಕೊನೆಯ ಮನೆಯ ಜಗುಲಿಯಲ್ಲಿ ನಲವತ್ತು ಕೊಯ್ಲು ಕಂಡ ಒಬ್ಬ ಅಜ್ಜಿ ಕುಳಿತಿದ್ದರು. ಎದ್ದು ಸೆರಗು ಸರಿಮಾಡಿಕೊಂಡು, ನಾನು ದೂರದ ಊರಿಗೆ ಹೋಗಿಬಂದ ಸುದ್ದಿ ತಮಗೂ ಮುಟ್ಟಿದೆಯೆಂದರು.

“ಅಲ್ಲೂ ಲೈನ್ ಮನೆ ಅವಂತಲ್ಲ ಬುದ್ಧಿ, ಹೆಂಗವೆ?”

ಅಲ್ಲಿಯ ಜನರು ತಾವಿರುವ ಮನೆ ತಮ್ಮ ಹೆಸರಿಗಾಗಬೇಕೆಂದು ಕೇಳುತ್ತಿದ್ದಾರೆ ಎಂದೆ. ಅಜ್ಜಿ ಯಜಮಾನರ ಕಡೆ ನೋಡಲಿಲ್ಲ. ಮಳೆಗೆ ಊರಿಕೊಂಡ ಗೋಡೆಯನ್ನು ಅಂಗೈಯಿಂದ ಸವರುತ್ತ, “ಅಂಗೂ ಕೇಳಬೌದಾ?” ಎಂದರು.